ಮಕ್ಕಳು ಅಜ್ಜಿಯ ಜತೆ, ಅಪ್ಪ-ಅಮ್ಮ ಅದೇ ಊರಿನ ಹೋಟೆಲಿನಲ್ಲಿ: ಟೆಕ್ಸಾಸ್ ಕನ್ನಡಿಗರ ಒಂದು ರಾತ್ರಿಯ ‘ಸ್ಟೇಕೇಶನ್’

ನಮ್ಮ ಕಡೆ ಹೋಟೆಲ್ ಅಂದರೆ ಇಡ್ಲಿ, ಬನ್ಸ್, ಚಾ ಸಿಗುವ ಜಾಗ. ರಾತ್ರಿ ಉಳಿಯುವ ಜಾಗಕ್ಕೆ ಲಾಡ್ಜ್ ಅಂತಾರೆ. ಸ್ವಂತ ಮನೆ ಇರುವ ಊರಲ್ಲೇ ಗಂಡ-ಹೆಂಡತಿ ಲಾಡ್ಜ್‌ನಲ್ಲಿ ಉಳಿದರು ಅಂತ ಗೊತ್ತಾದರೆ ನೆರೆಹೊರೆಯವರು ಎರಡೇ ಕಾರಣ ಹುಡುಕುತ್ತಾರೆ: ಒಂದೋ ಮನೆಯಲ್ಲಿ ದೊಡ್ಡ ಜಗಳ, ಇಲ್ಲವೇ ಮನೆಗೆ ಪೈಂಟ್ ಹೊಡೆಸ್ತಾ ಇದ್ದಾರೆ. ಆದರೆ ಅಮೆರಿಕದ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಇದು ಈಗ ಸಾಮಾನ್ಯ ಸಂಗತಿ. ಮಕ್ಕಳನ್ನು ನಂಬಿಕಸ್ಥರ ಬಳಿ ಬಿಟ್ಟು, ಮನೆಯಿಂದ ಅರ್ಧ-ಮುಕ್ಕಾಲು ಗಂಟೆ ದೂರದ ಹೋಟೆಲಿನಲ್ಲಿ ಒಂದು ರಾತ್ರಿ ಇದ್ದು ಬರುವುದು. ಇದಕ್ಕೆ ‘ಸ್ಟೇಕೇಶನ್’ ಅಂತ ಹೆಸರು.

ಪದ ಹೊಸದೇನಲ್ಲ. 2008ರಲ್ಲಿ ಪೆಟ್ರೋಲ್ ದರ ಏರಿ, ಆರ್ಥಿಕ ಹಿಂಜರಿತ ಬಂದಾಗ ದೂರ ಪ್ರವಾಸ ಬಿಟ್ಟ ಅಮೆರಿಕನ್ನರ ಬಾಯಲ್ಲಿ ಇದು ಓಡಾಡತೊಡಗಿತು. ಗಲ್ಫ್‌ನಲ್ಲಿರುವ ನಮಗೆ ಇದರ ಪರಿಚಯ ಚೆನ್ನಾಗಿ ಆದದ್ದು 2020ರ ಕೊರೋನಾ ಕಾಲದಲ್ಲಿ. ವಿಮಾನ ಇಲ್ಲ, ಊರಿಗೆ ಹೋಗುವಂತಿಲ್ಲ. ಆಗ ದುಬೈ, ಅಬುಧಾಬಿ, ರಾಸ್ ಅಲ್ ಖೈಮಾದ ಹೋಟೆಲುಗಳು ಸ್ಥಳೀಯರಿಗೇ ಆಫರ್ ಕೊಟ್ಟವು. ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ಅಲ್ಲಿಂದ ಹ್ಯೂಸ್ಟನ್‌ನ ತೈಲ ಕಂಪೆನಿಗಳಿಗೋ ಡಲ್ಲಾಸ್‌ನ ಐಟಿ ಕೆಲಸಕ್ಕೋ ಹೋದ ನಮ್ಮವರೂ ಇದ್ದಾರೆ. ಮುಂದೆ ಹೋಗುವ ಯೋಚನೆ ಇರುವವರೂ ಇದ್ದಾರೆ. ಅವರಿಗೂ, ಇಲ್ಲೇ ಇರುವ ನಮಗೂ ಉಪಯೋಗಕ್ಕೆ ಬರಲಿ ಅಂತ ಟೆಕ್ಸಾಸ್‌ನ ಲೆಕ್ಕಾಚಾರವನ್ನು ಇಲ್ಲಿ ವಿವರವಾಗಿ ಕೊಡುತ್ತಿದ್ದೇವೆ.

ಯಾಕೆ ಬೇಕು?

ಊರಲ್ಲಿ ಇದಕ್ಕೆ ಹೆಸರಿಲ್ಲದ ಒಂದು ವ್ಯವಸ್ಥೆ ಇತ್ತು, ಅಜ್ಜಿಮನೆ. ಏಪ್ರಿಲ್-ಮೇ ಬಂತೆಂದರೆ ಮಕ್ಕಳು ಅಜ್ಜಿಮನೆಗೆ. ಮಾವಿನಕಾಯಿ, ಹಲಸು, ತೋಡಿನ ನೀರು ಅಂತ ಅವರ ದಿನ ಕಳೆಯುತ್ತಿತ್ತು, ಇತ್ತ ಅಪ್ಪ-ಅಮ್ಮನಿಗೂ ಸ್ವಲ್ಪ ಉಸಿರಾಡಲು ಪುರುಸೊತ್ತು ಸಿಗುತ್ತಿತ್ತು. ದೊಡ್ಡಮ್ಮ, ಚಿಕ್ಕಪ್ಪ, ಪಕ್ಕದ ಮನೆಯ ಅಕ್ಕ, ಯಾರಾದರೊಬ್ಬರು ಮಗುವನ್ನು ಎತ್ತಿಕೊಳ್ಳಲು ಇದ್ದೇ ಇರುತ್ತಿದ್ದರು.

ಫ್ರಿಸ್ಕೊ, ಪ್ಲೇನೊ, ಅರ್ವಿಂಗ್, ಕೇಟಿ, ಶುಗರ್ ಲ್ಯಾಂಡ್, ರೌಂಡ್ ರಾಕ್, ಸೀಡರ್ ಪಾರ್ಕ್‌ಗಳಲ್ಲಿ ಈ ಅನುಕೂಲ ಇಲ್ಲ. ಇಬ್ಬರಿಗೂ ಕೆಲಸ. ಶನಿವಾರ ಬಂದರೆ ಈಜು ತರಗತಿ, ಭರತನಾಟ್ಯ, ಯಾರದೋ ಬರ್ತ್‌ಡೇ ಪಾರ್ಟಿ, ದೇವಸ್ಥಾನ, ದಿನಸಿ ಅಂಗಡಿ, ಕನ್ನಡ ಸಂಘದ ಕಾರ್ಯಕ್ರಮ. ಗಂಡ-ಹೆಂಡತಿಯ ಮಾತು ‘ಪಿಕಪ್ ಯಾರು, ಡ್ರಾಪ್ ಯಾರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶಾರ್ಜಾದ ಒಂದು ಬೆಡ್‌ರೂಮ್ ಫ್ಲಾಟಿನಲ್ಲಿ ಎರಡು ಮಕ್ಕಳ ಜತೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಮಕ್ಕಳ ಮೇಲೆ ಪ್ರೀತಿ ಕಡಿಮೆಯಾಯಿತು ಅಂತ ಅರ್ಥ ಅಲ್ಲ. ಮಕ್ಕಳು ಮಲಗಿದ ಮೇಲೆ ರಾತ್ರಿ 10 ಗಂಟೆಗೆ ಶುರುವಾಗುವ ಮಾತು ಹೆಚ್ಚಾಗಿ ದಣಿದ ಮಾತು. ಅಡುಗೆಮನೆಯ ಪಾತ್ರೆ ಕಣ್ಣಿಗೆ ಬೀಳದ ಜಾಗದಲ್ಲಿ ಕೂತು ಆಡುವ ಮಾತು ಬೇರೆ. ಸಾಲ ಎಷ್ಟಿದೆ, ಅಪ್ಪನ ಆಪರೇಷನ್ ಯಾವಾಗ, ಊರಿಗೆ ವಾಪಸ್ ಹೋಗುವುದಾ ಬೇಡವಾ ಎಂಬ ದೊಡ್ಡ ವಿಷಯಗಳಿಗೆ ಅಂಥ ಪುರುಸೊತ್ತೇ ಬೇಕು.

ಮಕ್ಕಳನ್ನು ಯಾರ ಬಳಿ ಬಿಡುವುದು?

ಹೋಟೆಲ್ ಹುಡುಕುವುದು ಸುಲಭ, ಕಷ್ಟ ಇರುವುದು ಇಲ್ಲೇ. ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಊರಿಂದ ಬಂದ ಅಜ್ಜ-ಅಜ್ಜಿ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಹಲವು ದಂಪತಿಗಳಿಗೆ ವರ್ಷದಲ್ಲಿ ಸಿಗುವ ಅವಕಾಶ ಅಷ್ಟೇ. ಆದರೆ ಬಂದ ವಾರವೇ ಮಕ್ಕಳನ್ನು ಅವರ ಕೈಗೆ ಕೊಟ್ಟು ಹೊರಡಬೇಡಿ. ಅವರಿಗೆ ಮನೆ ಪರಿಚಯ ಆಗಲಿ. ಒಲೆ ಹಚ್ಚುವುದು, ಬಾಗಿಲಿನ ಲಾಕ್, ಒಗ್ಗರಣೆ ಹೊಗೆಗೆ ಕಿರುಚಿಕೊಳ್ಳುವ ಸ್ಮೋಕ್ ಅಲಾರಂ ನಿಲ್ಲಿಸುವುದು, ಇವನ್ನೆಲ್ಲ ಅವರ ಕೈಯಿಂದಲೇ ಒಮ್ಮೆ ಮಾಡಿಸಿ. ಹಿತ್ತಲಲ್ಲಿ ಈಜುಕೊಳ ಇದ್ದರೆ ಅದರ ಗೇಟಿಗೆ ಬೀಗ ಬಿದ್ದಿದೆಯಾ ಅಂತ ಹೊರಡುವ ಮುಂಚೆ ನೀವೇ ನೋಡಿ. ಹಿರಿಯರಿಗೆ ಅಲ್ಲಿನ ಸಿಮ್ ಇರುವ ಫೋನ್ ಬೇಕು. ಮನೆಯ ವಿಳಾಸ, ನಿಮ್ಮ ನಂಬರ್, ಹತ್ತಿರದ ಕನ್ನಡದವರ ನಂಬರ್, ತುರ್ತು ಸೇವೆಯ 911, ವಿಷ ಅಥವಾ ತಪ್ಪು ಔಷಧ ನುಂಗಿದರೆ ಕರೆಯಬೇಕಾದ 1-800-222-1222, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ವಿಳಾಸವನ್ನು ಕನ್ನಡ ಲಿಪಿಯಲ್ಲೂ ಬರೆದಿಡಿ. ಗಾಬರಿಯಲ್ಲಿ ಓದಿ ಹೇಳಲು ಸುಲಭವಾಗುತ್ತದೆ.

ಎರಡನೆಯದು, ಮುಯ್ಯಿ. ನಮ್ಮ ರೈತರಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹಾಗೇ ಈ ತಿಂಗಳು ನಿಮ್ಮ ಮಕ್ಕಳು ನಮ್ಮಲ್ಲಿ ಮಲಗಲಿ, ಮುಂದಿನ ತಿಂಗಳು ನಮ್ಮವರು ನಿಮ್ಮಲ್ಲಿ. ಡಲ್ಲಾಸ್ ಕಡೆಯ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘದಂಥ ಕಡೆ ಪರಿಚಯವಾಗಿ, ಹಬ್ಬಕ್ಕೆ ಹೋಗಿ ಬಂದು ಗಟ್ಟಿಯಾದ ಸ್ನೇಹ ಇಂಥಲ್ಲಿ ಕೈ ಹಿಡಿಯುತ್ತದೆ. ಮಕ್ಕಳಿಗೂ ಅದು ಹಬ್ಬವೇ. ಮೊದಲು ಒಂದು ಸಂಜೆ ಮಾತ್ರ ಬಿಟ್ಟು ನೋಡಿ, ಆಮೇಲೆ ರಾತ್ರಿಗೆ ಬಿಡಿ.

ಮೂರನೆಯದು, ದುಡ್ಡು ಕೊಟ್ಟು ಬೇಬಿಸಿಟರ್ ಇಡುವುದು. ಹಿನ್ನೆಲೆ ವಿಚಾರಿಸಿ, ಹಳೆಯ ಮನೆಯವರೊಂದಿಗೆ ಮಾತಾಡಿ, ಮೊದಲು ನೀವು ಮನೆಯಲ್ಲಿರುವಾಗಲೇ ಕರೆಸಿ ನೋಡಿ. ಇಲ್ಲಿ ಒಂದು ಎಚ್ಚರಿಕೆ: ಕೆಲಸದ ಅನುಮತಿ ಇಲ್ಲದ ಎಚ್-4 ವೀಸಾದವರು ದುಡ್ಡಿಗಾಗಿ ಮಕ್ಕಳನ್ನು ನೋಡಿಕೊಳ್ಳುವಂತಿಲ್ಲ. ಪರಿಚಯದವರು ಅಂತ ‘ಸ್ವಲ್ಪ ಕೈಗೆ ಕೊಡುತ್ತೇವೆ’ ಅನ್ನುವುದು ಅವರ ವೀಸಾಕ್ಕೇ ತೊಂದರೆ ತರಬಹುದು.

‘ದೊಡ್ಡವನಿಗೆ 12 ವರ್ಷ, ತಂಗಿಯನ್ನು ನೋಡಿಕೊಳ್ತಾನೆ’ ಎಂಬ ನಾಲ್ಕನೆಯ ದಾರಿಗೆ ಹೋಗಬೇಡಿ. ಮಕ್ಕಳನ್ನು ಒಂಟಿಯಾಗಿ ಬಿಡಲು ಇಂತಿಷ್ಟೇ ವಯಸ್ಸು ಅಂತ ಟೆಕ್ಸಾಸ್ ಕಾನೂನು ಹೇಳಿಲ್ಲ, ನಿಜ. ಆದರೆ ಮಗು ಅಪಾಯಕ್ಕೆ ಸಿಕ್ಕರೆ ಅದನ್ನು ಪೋಷಕರ ನಿರ್ಲಕ್ಷ್ಯ ಅಂತ ಪರಿಗಣಿಸಿ ವಿಚಾರಣೆ ನಡೆಯಬಹುದು. ರಾತ್ರಿ ಇಡೀ ಒಬ್ಬರಾದರೂ ದೊಡ್ಡವರು ಇರಲೇಬೇಕು.

ಒಂದು ಚೀಟಿ, ಒಂದು ಸೀಟು

ರಾತ್ರಿ ಮಗುವಿಗೆ ಜ್ವರ ಏರಿದರೆ, ಬಿದ್ದು ಪೆಟ್ಟಾದರೆ ಆಸ್ಪತ್ರೆಯಲ್ಲಿ ಒಪ್ಪಿಗೆ ಕೊಡುವವರು ಯಾರು? ಟೆಕ್ಸಾಸ್‌ನ ಕುಟುಂಬ ಕಾನೂನಿನ 32ನೇ ಅಧ್ಯಾಯದ ಪ್ರಕಾರ ತಂದೆ-ತಾಯಿಯನ್ನು ಸಂಪರ್ಕಿಸಲು ಆಗದಿದ್ದಾಗ ಅಜ್ಜ-ಅಜ್ಜಿ, ವಯಸ್ಕರಾದ ಅಣ್ಣ-ಅಕ್ಕ, ಚಿಕ್ಕಪ್ಪ-ಚಿಕ್ಕಮ್ಮನಂಥ ಹತ್ತಿರದ ಸಂಬಂಧಿಕರು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು. ಸ್ನೇಹಿತರ ಮನೆಯಲ್ಲಿ ಬಿಟ್ಟರೆ ಅವರ ಹೆಸರಿಗೆ ನೀವು ಬರೆದುಕೊಟ್ಟ ಅಧಿಕಾರ ಪತ್ರ ಬೇಕು. ಆದ್ದರಿಂದ ಮಗುವಿನ ಹೆಸರು, ಹುಟ್ಟಿದ ದಿನ, ಅಲರ್ಜಿ, ಔಷಧ, ವೈದ್ಯರ ನಂಬರ್ ಬರೆದು, ‘ನಾವು ಸಿಗದಿದ್ದರೆ ಇವರು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು’ ಅಂತ ಇಬ್ಬರೂ ಸಹಿ ಹಾಕಿ, ತಾರೀಕು ನಮೂದಿಸಿ, ಇನ್ಶೂರೆನ್ಸ್ ಕಾರ್ಡಿನ ಪ್ರತಿಯ ಜತೆ ಕೊಡಿ. ಹತ್ತು ನಿಮಿಷದ ಕೆಲಸ.

ಸ್ನೇಹಿತರು ಮಗುವನ್ನು ಕಾರಿನಲ್ಲಿ ಕರೆದೊಯ್ಯುವುದಾದರೆ ಕಾರ್ ಸೀಟನ್ನೂ ಕೊಟ್ಟೇ ಹೋಗಿ. ಟೆಕ್ಸಾಸ್‌ನಲ್ಲಿ 8 ವರ್ಷದೊಳಗಿನ ಮಕ್ಕಳಿಗೆ, 4 ಅಡಿ 9 ಇಂಚಿಗಿಂತ ಎತ್ತರ ಇಲ್ಲದಿದ್ದರೆ, ಇದು ಕಡ್ಡಾಯ.

ದುಡ್ಡಿನ ಲೆಕ್ಕ

ಜಾಹೀರಾತಿನ ದರ ನೋಡಿ ಖುಷಿಪಡಬೇಡಿ. ಟೆಕ್ಸಾಸ್‌ನಲ್ಲಿ ಹೋಟೆಲ್ ಕೋಣೆಗೆ ರಾಜ್ಯದ ತೆರಿಗೆ ಶೇ. 6. ಅದರ ಮೇಲೆ ನಗರದ್ದು ಬೇರೆ. ಹ್ಯೂಸ್ಟನ್‌ನಲ್ಲಿ ನಗರ, ಕೌಂಟಿ, ಕ್ರೀಡಾ ಪ್ರಾಧಿಕಾರದ ಪಾಲು ಸೇರಿ ಒಟ್ಟು ಶೇ. 17. ಆಸ್ಟಿನ್‌ನಲ್ಲಿ ನಗರದ ಶೇ. 11 ಸೇರಿ 17. ಡಲ್ಲಾಸ್‌ನಲ್ಲಿ 2023ರಿಂದ ನಗರದ ತೆರಿಗೆ ಶೇ. 9, ಒಟ್ಟು 15. ಕೆಲವು ದೊಡ್ಡ ಹೋಟೆಲುಗಳಲ್ಲಿ ಪ್ರವಾಸೋದ್ಯಮದ ಹೆಸರಿನ ಇನ್ನೊಂದು ಸಣ್ಣ ಶುಲ್ಕವೂ ಸೇರುತ್ತದೆ. ಅಂದರೆ ಹ್ಯೂಸ್ಟನ್‌ನಲ್ಲಿ 150 ಡಾಲರಿನ ಕೋಣೆಗೆ ಕೊನೆಗೆ ಕೊಡುವುದು 175 ಡಾಲರ್ 50 ಸೆಂಟ್. ಡೌನ್‌ಟೌನ್‌ನ ದೊಡ್ಡ ಹೋಟೆಲುಗಳಲ್ಲಿ ವ್ಯಾಲೆ ಪಾರ್ಕಿಂಗ್ ಒಂದೇ ರಾತ್ರಿಗೆ 40 ಡಾಲರ್ ದಾಟುವುದುಂಟು. ಸ್ವಂತ ಊರಾದ್ದರಿಂದ ಕಾರು ಮನೆಯಲ್ಲೇ ಬಿಟ್ಟು ಟ್ಯಾಕ್ಸಿಯಲ್ಲೋ ರೈಲಿನಲ್ಲೋ ಹೋಗಬಹುದು, ಅದು ದೊಡ್ಡ ಉಳಿತಾಯ.

ಒಂದು ಒಳ್ಳೆಯ ಬದಲಾವಣೆ ಆಗಿದೆ. ‘ರೆಸಾರ್ಟ್ ಫೀ’ ಅಂತ ಕೊನೆಗೆ ಸೇರಿಸುತ್ತಿದ್ದ ಕಡ್ಡಾಯ ಶುಲ್ಕವನ್ನು 2025ರ ಮೇ 12ರಿಂದ ಅಮೆರಿಕದಲ್ಲಿ ಮೊದಲೇ ದರದಲ್ಲಿ ಸೇರಿಸಿ ತೋರಿಸಬೇಕು. ಸರ್ಕಾರದ ತೆರಿಗೆ ಮಾತ್ರ ಆಮೇಲೆ ಸೇರಬಹುದು.

ಚೆಕ್-ಇನ್ ವೇಳೆ ಕಾರ್ಡಿನಲ್ಲಿ ಮುಂಗಡ ಮೊತ್ತವನ್ನು ತಡೆಹಿಡಿಯುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ದುಡ್ಡು ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು. ಬಾಡಿಗೆ ಕಟ್ಟುವ ವಾರದಲ್ಲಿ ಇದು ತಲೆನೋವು, ಕ್ರೆಡಿಟ್ ಕಾರ್ಡೇ ಒಳ್ಳೆಯದು.

ಒಂದು ರಾತ್ರಿ ಅಂದರೆ 24 ಗಂಟೆ ಅಲ್ಲ. ಮಧ್ಯಾಹ್ನ 3-4ಕ್ಕೆ ಒಳಗೆ, ಮರುದಿನ 11-12ಕ್ಕೆ ಹೊರಗೆ, ಸಿಗುವುದು ಸುಮಾರು 20 ಗಂಟೆ. ಬೇಗ ಕೋಣೆ ಸಿಗುತ್ತದಾ, ತಡವಾಗಿ ಬಿಡಬಹುದಾ ಅಂತ ಫೋನ್ ಮಾಡಿ ಕೇಳಿ. ಕೋಣೆ ಖಾಲಿ ಇದ್ದರೆ ಕೊಡುತ್ತಾರೆ.

ಯಾವ ದಿನ ಹೋಗಬಾರದು?

ಕಂಪೆನಿ ಕೆಲಸಕ್ಕೆ ಬರುವವರನ್ನೇ ನಂಬಿದ ಹೋಟೆಲುಗಳು ವಾರಾಂತ್ಯದಲ್ಲಿ ಖಾಲಿ. ಹ್ಯೂಸ್ಟನ್ ಡೌನ್‌ಟೌನ್, ಎನರ್ಜಿ ಕಾರಿಡಾರ್, ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ಗಳಲ್ಲಿ ಶುಕ್ರವಾರ-ಶನಿವಾರ ದರ ಇಳಿಯುವುದು ಇದರಿಂದಲೇ. ಆಸ್ಟಿನ್ ಮಾತ್ರ ತದ್ವಿರುದ್ಧ, ಅದು ಸಂಗೀತದ ಊರು, ವಾರಾಂತ್ಯಕ್ಕೆ ಜನ ಬಂದು ಬೀಳುತ್ತಾರೆ, ಅಲ್ಲಿ ಭಾನುವಾರ ರಾತ್ರಿ ಅಗ್ಗ.

ಆಸ್ಟಿನ್‌ನಲ್ಲಿ ಮಾರ್ಚಿನ ಸೌತ್ ಬೈ ಸೌತ್‌ವೆಸ್ಟ್, ಅಕ್ಟೋಬರಿನ ಆಸ್ಟಿನ್ ಸಿಟಿ ಲಿಮಿಟ್ಸ್ ಸಂಗೀತೋತ್ಸವ, ಫಾರ್ಮುಲಾ ಒನ್ ರೇಸ್ ಇರುವ ದಿನಗಳಲ್ಲಿ ಹೋಗಬೇಡಿ. ಹ್ಯೂಸ್ಟನ್‌ನಲ್ಲಿ ಮಾರ್ಚಿನ ರೋಡಿಯೊ, ಡಲ್ಲಾಸ್‌ನಲ್ಲಿ ಅಕ್ಟೋಬರಿನ ಸ್ಟೇಟ್ ಫೇರ್ ಮತ್ತು ಟೆಕ್ಸಾಸ್-ಒಕ್ಲಹೋಮಾ ಫುಟ್ಬಾಲ್ ಪಂದ್ಯದ ವಾರ ಕೂಡ ಹಾಗೆಯೇ. ಸೆಕೆ ಬೇಸಿಗೆಯಲ್ಲಿ 38 ಡಿಗ್ರಿ ದಾಟುವ ಊರುಗಳಿವು. ಬಿಸಿಲಿಗೆ ಪ್ರವಾಸಿಗರು ಕಡಿಮೆಯಾದಾಗ ದರವೂ ಇಳಿಯುವುದನ್ನು ನಾವು ದುಬೈನಲ್ಲಿ ಕಂಡಿದ್ದೇವಲ್ಲ, ಆ ಲೆಕ್ಕ ಇಲ್ಲೂ ನಡೆಯುತ್ತದೆ.

ಮೂರು ನಗರ, ಮೂರು ರುಚಿ

ಡಲ್ಲಾಸ್: 1912ರಲ್ಲಿ ಬಿಯರ್ ಉದ್ಯಮಿ ಅಡಾಲ್ಫಸ್ ಬುಶ್ ಕಟ್ಟಿಸಿದ ‘ದಿ ಅಡಾಲ್ಫಸ್’ ಇನ್ನೂ ನಡೆಯುತ್ತಿದೆ. ಹತ್ತಿರದ ‘ದಿ ಜೂಲ್’ ಹೋಟೆಲಿನ ಈಜುಕೊಳ ಕಟ್ಟಡದಿಂದ ರಸ್ತೆಯ ಮೇಲಕ್ಕೆ ಚಾಚಿಕೊಂಡಿದೆ. ಕೋಣೆಯ ಬಾಡಿಗೆ ದುಬಾರಿ ಅನಿಸಿದರೆ ಸುತ್ತಾಟವನ್ನು ಅಗ್ಗ ಮಾಡಿಕೊಳ್ಳಿ. ಡಲ್ಲಾಸ್ ಕಲಾ ಮ್ಯೂಸಿಯಂಗೆ ಸಾಮಾನ್ಯ ಪ್ರವೇಶ ಉಚಿತ. ಹೆದ್ದಾರಿಯ ಮೇಲೆ ಚಾವಣಿ ಹಾಕಿ ಕಟ್ಟಿ 2012ರಲ್ಲಿ ತೆರೆದ ಕ್ಲೈಡ್ ವಾರೆನ್ ಪಾರ್ಕ್ ಪಕ್ಕದಲ್ಲೇ ಇದೆ, ಅಪ್‌ಟೌನ್‌ನ ಹಳೆಯ ಟ್ರಾಲಿಗೂ ಟಿಕೆಟ್ ಇಲ್ಲ.

ಹ್ಯೂಸ್ಟನ್: ಡೌನ್‌ಟೌನ್‌ನ ಮ್ಯಾರಿಯಟ್ ಮಾರ್ಕಿಸ್ ಹೋಟೆಲಿನ ಮಹಡಿ ಮೇಲೆ ಟೆಕ್ಸಾಸ್ ನಕ್ಷೆಯ ಆಕಾರದ ನೀರಿನ ಕಾಲುವೆ ಇದೆ. ಆದರೆ ಅಲ್ಲಿ ಬೇರೆಯವರ ಮಕ್ಕಳು ಇರುತ್ತಾರೆ! ಸದ್ದೇ ಬೇಡ ಅನ್ನುವವರು ಮ್ಯೂಸಿಯಂ ಡಿಸ್ಟ್ರಿಕ್ಟ್ ಕಡೆ ಉಳಿದುಕೊಳ್ಳಿ. 1971ರಲ್ಲಿ ತೆರೆದ ರಾತ್ಕೊ ಚಾಪೆಲ್ ಎಲ್ಲ ಧರ್ಮದವರೂ ಮೌನವಾಗಿ ಕೂರುವ ಜಾಗ. ಸಮೀಪದ ಮೆನಿಲ್ ಕಲಾ ಸಂಗ್ರಹಕ್ಕೂ ಪ್ರವೇಶ ಉಚಿತ.

ಆಸ್ಟಿನ್: 1886ರಲ್ಲಿ ದನಗಳ ವ್ಯಾಪಾರಿ ಜೆಸ್ಸಿ ಡ್ರಿಸ್ಕಿಲ್ ಕಟ್ಟಿಸಿದ ‘ದಿ ಡ್ರಿಸ್ಕಿಲ್’ ಹೆಸರುವಾಸಿ. ಅಲ್ಲಿಂದ ನಡೆದುಹೋದರೆ ಕಾಂಗ್ರೆಸ್ ಅವೆನ್ಯೂ ಸೇತುವೆ. ಬೇಸಿಗೆಯ ಮುಸ್ಸಂಜೆ ಅದರ ಅಡಿಯಿಂದ ಲಕ್ಷಗಟ್ಟಲೆ ಬಾವಲಿಗಳು ಹೊಗೆಯಂತೆ ಹಾರಿಹೋಗುವುದನ್ನು ನೋಡಲು ಟಿಕೆಟ್ ಬೇಡ. ಬಾರ್ಟನ್ ಸ್ಪ್ರಿಂಗ್ಸ್ ಕೊಳದ ನೀರು ವರ್ಷವಿಡೀ ಸುಮಾರು 20-21 ಡಿಗ್ರಿ, ನಮ್ಮ ಕಡೆಯ ಬಾವಿ ನೀರು ಮೈಮೇಲೆ ಸುರಿದುಕೊಂಡಷ್ಟು ತಂಪು.

ಈ ಮೂರು ನಗರಗಳ ನಡುವೆ ಮೂರು-ನಾಲ್ಕು ಗಂಟೆ ಡ್ರೈವ್ ಇದೆ. ಮಕ್ಕಳು ಮನೆಯಲ್ಲಿರುವಾಗ ಅಷ್ಟು ದೂರ ಹೋಗುವುದಕ್ಕಿಂತ ಅರ್ಧ ಗಂಟೆಯಲ್ಲಿ ವಾಪಸ್ ಓಡಿ ಬರಬಹುದಾದ ಜಾಗವೇ ಮನಸ್ಸಿಗೆ ಸಮಾಧಾನ.

ಹೋದ ಮೇಲೆ ಏನು ಮಾಡುವುದು?

ಹೆಚ್ಚೇನೂ ಮಾಡದಿರುವುದೇ ಒಳ್ಳೆಯದು. ಮಕ್ಕಳಿಗೆ ಒಂದೇ ಹೊತ್ತಿನಲ್ಲಿ ಒಂದು ವೀಡಿಯೊ ಕಾಲ್, ಮಲಗುವ ಮುಂಚೆ. ಐದೈದು ನಿಮಿಷಕ್ಕೆ ಫೋನ್ ಮಾಡಿದರೆ ಮಗುವೂ ಅಳುತ್ತದೆ, ಅಜ್ಜಿಗೂ ‘ನನ್ನ ಮೇಲೆ ನಂಬಿಕೆ ಇಲ್ಲ’ ಅನಿಸುತ್ತದೆ. ಸುಳ್ಳು ಹೇಳಿ ಹೊರಡಬೇಡಿ. ‘ಅಪ್ಪ-ಅಮ್ಮ ಇವತ್ತು ಹೊರಗೆ ಮಲಗ್ತೇವೆ, ನಾಳೆ ಊಟದ ಹೊತ್ತಿಗೆ ಬರ್ತೇವೆ’ ಅಂತ ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಅದೇ ಮಾತು ಹಿರಿಯರಿಗೂ. ‘ಆಫೀಸ್ ಕೆಲಸ’ ಅಂತ ನೆಪ ಹೇಳುವುದಕ್ಕಿಂತ ‘ಅಮ್ಮಾ, ಒಂದು ರಾತ್ರಿ ನಾವಿಬ್ಬರೇ ಇದ್ದು ಬರ್ತೇವೆ’ ಅಂದರೆ ಹೆಚ್ಚಿನ ತಾಯಂದಿರು ‘ಹೋಗಿ ಬನ್ನಿ’ ಅಂತಲೇ ಹೇಳುತ್ತಾರೆ.

ಗಲ್ಫ್‌ನಲ್ಲಿರುವ ನಮಗೆ

ದುಬೈ, ದೋಹಾ, ಮಸ್ಕತ್, ಕುವೈತ್‌ನಲ್ಲಿ ಕುಟುಂಬ ಸಮೇತ ಇರುವವರು ಇದೇ ಲೆಕ್ಕವನ್ನು ಅಲ್ಲಿಗೆ ಹೊಂದಿಸಿಕೊಳ್ಳಬಹುದು. ದುಬೈನಲ್ಲಿ ಕೋಣೆಗೆ ರಾತ್ರಿಗೆ 7ರಿಂದ 20 ದಿರ್ಹಂ ‘ಟೂರಿಸಂ ದಿರ್ಹಂ’, ಶೇ. 5 ವ್ಯಾಟ್ ಎಲ್ಲ ಸೇರಿದ ದರ ಕೇಳಿ ಬುಕ್ ಮಾಡಿ.

ಆದರೆ ನಮ್ಮಲ್ಲಿ ಹೆಚ್ಚಿನವರ ಕುಟುಂಬ ಊರಲ್ಲೇ ಇದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ 30 ದಿನದ ರಜೆ. ಅದರಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕು, ತಾಲೂಕು ಆಫೀಸು, ಅಪ್ಪನ ಡಾಕ್ಟರು. ಮನೆ ತುಂಬ ನೆಂಟರು. ಫೋನಿನಲ್ಲಿ ಎರಡು ವರ್ಷ ಮಾತಾಡಿದ ಗಂಡ-ಹೆಂಡತಿ ಎದುರುಬದುರು ಕೂತು ಮಾತಾಡುವ ಮುಂಚೆಯೇ ವಾಪಸ್ ಟಿಕೆಟಿನ ದಿನ ಬಂದಿರುತ್ತದೆ. ಅಂಥವರಿಗೆ ಮಂಗಳೂರಲ್ಲೋ ಮಲ್ಪೆಯಲ್ಲೋ ಒಂದು ರಾತ್ರಿ ಶೋಕಿ ಅಲ್ಲ, ಅಗತ್ಯ. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಯ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಇಬ್ಬರ ಗುರುತಿನ ಚೀಟಿ ಇಟ್ಟುಕೊಳ್ಳಿ. ಮಕ್ಕಳಿಗೆ ಅಜ್ಜಿಮನೆ ಇದ್ದೇ ಇದೆ, ಟೆಕ್ಸಾಸ್‌ನವರಿಗೆ ಸಿಗದ ಅನುಕೂಲ ಅದು.

ಮುಂದಿನ ರಜೆಗೆ ಟಿಕೆಟ್ ಮಾಡುವಾಗಲೇ ಆ 30 ದಿನಗಳಲ್ಲಿ ಒಂದು ತಾರೀಕಿಗೆ ಗುರುತು ಹಾಕಿ, ಹೆಂಡತಿಗೂ ಹೇಳಿಡಿ. ಮದುವೆಯ ಕಾಗದಗಳು ಬಂದು ಕ್ಯಾಲೆಂಡರ್ ತುಂಬುವ ಮುಂಚೆ ಆ ದಿನ ನಿಮ್ಮದಾಗಿರಲಿ.