ಮನೆಯ ಕಂಪ್ಯೂಟರು ಮತ್ತು ಅಂಚೆಯೊಡನೆ ಬರುವ ರೋಗ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟಿಗರಿಗೆ ಕೊಳೆರೋಗದ ವಿಚಾರವನ್ನು ನಾವು ಹೇಳಿಕೊಡಬೇಕಾದುದಿಲ್ಲ. ಮಳೆಗಾಲ ಬಲಿಯುವುದಕ್ಕೆ ಮೊದಲೇ ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆಯಾಗಿ ನೀರಿನಲ್ಲಿ ಕದಡಿ, ಬಳಿಕ ಕೂಡಿಸಿ, ಅಡಕೆಯ ಗೊನೆಗಳಿಗೆ ಹೊಡೆಯಿಸುವುದು ಅವರ ವಾಡಿಕೆ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರೀಕ್ಷಿಸಿ ೧೯೧೦ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕಾಲದಿಂದ ಈ ಔಷಧವು ಮಲೆನಾಡಿನ ಮನೆಮಾತಾಗಿದೆ. ಕಾಯಿ ಕೊಳೆತು ಉದುರಲಾರಂಭಿಸಿದ ಮೇಲೆ ಔಷಧ ಹೊಡೆದರೆ ಉದುರಿದ ಕಾಯಿ ಮರಕ್ಕೆ ಮರಳುವುದಿಲ್ಲ. ಇಷ್ಟನ್ನು ಬಲ್ಲ ಗೃಹಸ್ಥರೇ ತಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಕಾಯಿ ಉದುರುವ ತನಕ ಸುಮ್ಮನಿರುವುದನ್ನು ಕಂಡು ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ಇಂದಿನ ತೋಟದ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆಯೆಂಬುದನ್ನು ಸ್ವಲ್ಪ ಯೋಚಿಸಿರಿ. ಮಂಡಿಯ ಲೆಕ್ಕ, ಪಹಣಿಯ ಪ್ರತಿಗಳು, ಬ್ಯಾಂಕಿನ ವ್ಯವಹಾರ, ಮಕ್ಕಳ ಅಂಕಪಟ್ಟಿಗಳು, ತೀರಿಕೊಂಡ ಹಿರಿಯರ ಭಾವಚಿತ್ರಗಳು, ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಮಗಳು ಕಳುಹಿಸಿದ ಮೊಮ್ಮಗುವಿನ ಚಿತ್ರಗಳು, ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಂಡಿವೆ. ಹಿಂದಿನವರು ಪತ್ರಗಳನ್ನು ಮರದ ಪೆಟ್ಟಿಗೆಯಲ್ಲಿಯೂ, ಹಣವನ್ನು ಬೇರೊಂದೆಡೆಯಲ್ಲಿಯೂ, ಚಿತ್ರಪಟಗಳನ್ನು ಗೋಡೆಯ ಮೇಲೆಯೂ ಇಡುತ್ತಿದ್ದರು. ಒಂದು ಹೋದರೆ ಇನ್ನೊಂದು ಉಳಿಯುತ್ತಿತ್ತು.

ವೈರಸ್ ಎಂಬ ಪದವೂ ಈ ಸೀಮೆಗೆ ಹೊಸತಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಮಂಗನ ಕಾಯಿಲೆಯ ಹೆಸರನ್ನು ಕೇಳದ ಮನೆ ಇಲ್ಲಿಲ್ಲ. ಆ ರೋಗವನ್ನು ಮನುಷ್ಯನ ಮೈಗೆ ತರುವುದು ಉಣುಗು. ಕಾಡಿಗೆ ಹೋದುದರಿಂದಲೇ ಜ್ವರ ಬರುವುದಿಲ್ಲ. ಉಣುಗು ಕಚ್ಚಿದರೆ ಬರುತ್ತದೆ. ಈಮೇಲಿನ ಸಂಗತಿಯೂ ಬಹುಮಟ್ಟಿಗೆ ಹೀಗೆಯೇ. ಬರಿಯ ಅಕ್ಷರಗಳುಳ್ಳ ಪತ್ರವನ್ನು ಓದಿದ ಮಾತ್ರಕ್ಕೆ ಸಾಮಾನ್ಯವಾಗಿ ಯಂತ್ರ ಕೆಡುವುದಿಲ್ಲ. ಪತ್ರಕ್ಕೆ ಅಂಟಿಕೊಂಡು ಬಂದ ಲಗತ್ತನ್ನು ತೆರೆದಾಗ, ಅದರೊಳಗೆ ಅಡಗಿದ ಆಜ್ಞೆಗಳನ್ನು ಯಂತ್ರವು ನಮ್ಮ ಅಪ್ಪಣೆಯೆಂದೇ ಭಾವಿಸಿ ನಡೆಯಿಸಿಬಿಡುತ್ತದೆ. ಕಂಪ್ಯೂಟರಿನ ವೈರಸ್ಸು ಜೀವಾಣುವಲ್ಲ, ಯಾರೋ ಕುಳಿತು ಬರೆದ ಬರಹವೇ ಆಗಿದೆ ಎಂಬುದನ್ನು ಮರೆಯಬಾರದು.

ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಏಕೆಂದರೆ ಆಮೇಲೆ ಬಂದ ಮೋಸಗಳಲ್ಲಿ ಹೆಚ್ಚಿನವು ಇದೇ ಜಾಡಿನವು. ೨೦೦೦ದ ಮೇ ೪ರಂದು ಫಿಲಿಪೈನ್ಸ್ ದೇಶದಿಂದ ಹೊರಟ ಒಂದು ಈಮೇಲು ಒಂದೇ ದಿನದೊಳಗೆ ಭೂಮಂಡಲವನ್ನು ಸುತ್ತಿತು. ಅದರ ತಲೆಬರಹದಲ್ಲಿದ್ದುದು ‘ಐ ಲವ್ ಯೂ’ ಎಂಬ ಮೂರೇ ಮಾತು. ಜೊತೆಯಲ್ಲಿ ಪ್ರೇಮಪತ್ರವೆಂಬ ಹೆಸರಿನ ಲಗತ್ತು. ಆ ಲಗತ್ತಿನ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಎಂಬ ಅಕ್ಷರಗಳಿದ್ದುದರಿಂದ ಅದು ಬರಿಯ ಬರಹವೆಂದು ನೋಡಿದವರು ತಿಳಿದರು. ನಿಜವಾದ ಕೊನೆಯಾದರೋ ಅದರ ಮುಂದಿದ್ದ ‘ವಿಬಿಎಸ್’ ಎಂಬುದು. ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಕಡತ. ವಿಂಡೋಸ್ ವ್ಯವಸ್ಥೆಯು ಈ ಕೊನೆಯ ಅಕ್ಷರಗಳನ್ನು ತಾನಾಗಿಯೇ ಮರೆಮಾಡುತ್ತಿದ್ದುದರಿಂದ ಅದು ಕಣ್ಣಿಗೆ ಬೀಳಲಿಲ್ಲ. ತೆರೆದೊಡನೆ ಅದು ಮನೆಯ ಚಿತ್ರಗಳ ಮೇಲೆ ತನ್ನನ್ನೇ ಬರೆದುಕೊಂಡು ಅವನ್ನು ನಾಶಮಾಡಿತು; ಜೊತೆಗೆ ವಿಳಾಸಪುಸ್ತಕದಲ್ಲಿದ್ದ ಪ್ರತಿಯೊಬ್ಬರಿಗೂ ಆ ಮನೆಯವರ ಹೆಸರಿನಲ್ಲಿಯೇ ತನ್ನ ಪ್ರತಿಯನ್ನು ಕಳುಹಿಸಿತು. ಬ್ರಿಟನ್ನಿನ ಪಾರ್ಲಿಮೆಂಟಿನವರೂ ತಮ್ಮ ಅಂಚೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಇಂಥ ಕೃತ್ಯವನ್ನು ಶಿಕ್ಷಿಸತಕ್ಕ ಕಾನೂನು ಆಗ ಫಿಲಿಪೈನ್ಸಿನಲ್ಲಿ ಇರಲಿಲ್ಲವಾದುದರಿಂದ ಮೊಕದ್ದಮೆಯೂ ಬಿದ್ದುಹೋಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಪತ್ರ ಬಂದುದು ಅಪರಿಚಿತರಿಂದಲ್ಲ, ಸ್ನೇಹಿತರಿಂದ ಮತ್ತು ಬಂಧುಗಳಿಂದ. “ಗುರುತಿಲ್ಲದವರ ಪತ್ರವನ್ನು ತೆರೆಯಬೇಡಿ” ಎಂದು ಎಲ್ಲರೂ ಹೇಳುವ ಬುದ್ಧಿಮಾತು ಅರ್ಧ ಮಾತ್ರ ಸರಿ. ಗುರುತಿದ್ದವರ ಹೆಸರಿನಲ್ಲಿ ಬಂದುದನ್ನೇ ಹೆಚ್ಚು ಎಚ್ಚರದಿಂದ ನೋಡಬೇಕೆಂದು ನಮ್ಮ ಅಭಿಪ್ರಾಯ. ಮಗನ ಹೆಸರಿನಲ್ಲಿ ಕಾರಣವಿಲ್ಲದೆ ಒಂದು ಲಗತ್ತು ಬಂದರೆ, ಅದನ್ನು ಮುಟ್ಟುವ ಮೊದಲು ಅವನಿಗೆ ಟೆಲಿಫೋನು ಮಾಡಿ ಕೇಳುವುದರಲ್ಲಿ ಸಂಕೋಚವೇಕೆ? “ಅಪ್ಪಯ್ಯ, ನಾನು ಏನನ್ನೂ ಕಳುಹಿಸಿಲ್ಲವಲ್ಲ” ಎಂಬ ಉತ್ತರ ಬಂದರೆ ಮನೆಯು ಉಳಿಯಿತೆಂದೇ ತಿಳಿಯಬೇಕು. ಅದೇ ಪತ್ರಕ್ಕೆ ಈಮೇಲಿನಲ್ಲಿ ಉತ್ತರ ಬರೆದು ಕೇಳುವುದರಿಂದ ಪ್ರಯೋಜನವಿಲ್ಲ. ಉತ್ತರ ಕೊಡುವವನು ಕಳ್ಳನೇ ಆಗಿರಬಹುದು.

ಈಗ ಪ್ರೇಮಪತ್ರದ ಕಾಲ ಕಳೆದಿದೆ. ಲಗತ್ತುಗಳು ಬಾಕಿ ಬಿಲ್ಲು, ತೆರಿಗೆಯ ನೋಟೀಸು, ಪಾರ್ಸೆಲ್ಲಿನ ರಸೀದಿ, ಬ್ಯಾಂಕಿನ ಪಟ್ಟಿ ಎಂಬ ವೇಷಗಳಲ್ಲಿ ಬರುತ್ತವೆ. ಹಣಕ್ಕೆ ಕಾದಿರುವ ಸುಗ್ಗಿಯ ದಿನಗಳಲ್ಲಿ ‘ಪಾವತಿಯ ವಿವರ’ ಎಂಬ ಪತ್ರ ಬಂದರೆ ಯಾರ ಕೈ ತಾನೇ ನಿಲ್ಲುತ್ತದೆ? ವರ್ಡ್ ಅಥವಾ ಎಕ್ಸೆಲ್ ಕಡತವೊಂದು ತೆರೆದುಕೊಂಡು, ಒಳಗಿನದನ್ನು ನೋಡಲು ಮೇಲಿನ ಗುಂಡಿಯನ್ನು ಒತ್ತಿರೆಂದು ಕೇಳಿದರೆ ಒತ್ತಕೂಡದು. ಆ ಗುಂಡಿಯು ಮ್ಯಾಕ್ರೋ ಎಂಬ ಒಳಆಜ್ಞೆಗಳಿಗೆ ಬಾಗಿಲು ತೆರೆಯುತ್ತದೆ. ೧೯೯೯ರ ಮಾರ್ಚಿಯಲ್ಲಿ ಹರಡಿದ ಮೆಲಿಸ್ಸಾ ಎಂಬ ವೈರಸ್ಸು ಇದೇ ದಾರಿಯಲ್ಲಿ ಬಂದು, ವಿಳಾಸಪುಸ್ತಕದ ಮೊದಲ ೫೦ ವಿಳಾಸಗಳಿಗೆ ತನ್ನನ್ನು ಕಳುಹಿಸಿಕೊಳ್ಳುತ್ತಿತ್ತು. ಇಂಟರ್‌ನೆಟ್ಟಿನಿಂದ ಬಂದ ಕಡತಗಳಲ್ಲಿ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಏರ್ಪಾಡನ್ನು ಮೈಕ್ರೋಸಾಫ್ಟಿನವರು ಮಾಡಿದುದು ೨೦೨೨ರಲ್ಲಿ. ಇಪ್ಪತ್ತಮೂರು ವರ್ಷಗಳ ಮೇಲೆ ಬಂದ ಬುದ್ಧಿಯಾದರೂ ಬಂದುದು ಸಂತೋಷ. ಬೀಗ ಹಾಕಿದ ಜಿಪ್ ಕಡತವನ್ನು ಕಳುಹಿಸಿ, ಬೀಗದ ಮಾತನ್ನು ಅದೇ ಪತ್ರದಲ್ಲಿ ಬರೆದಿದ್ದರೆ ಅದೂ ಸಂಶಯಾಸ್ಪದವೇ. ಅಂಚೆಯ ಕಾವಲುಗಾರನು ಒಳಗನ್ನು ನೋಡಬಾರದೆಂಬುದೇ ಆ ಬೀಗದ ಉದ್ದೇಶ. ಮೊಬೈಲಿಗೆ ‘ಎಪಿಕೆ’ ಎಂದು ಕೊನೆಗೊಳ್ಳುವ ಮದುವೆಯ ಕರೆಯೋಲೆ ಬಂದರೆ, ಅದು ಓಲೆಯಲ್ಲ, ಫೋನಿನೊಳಗೆ ಮನೆಮಾಡಲು ಬಂದ ತಂತ್ರಾಂಶವೆಂದು ತಿಳಿಯತಕ್ಕದ್ದು.

ಇನ್ನು ಔಷಧದ ವಿಚಾರ. ಮೊದಲನೆಯದಾಗಿ, ಕಡತಗಳ ಹೆಸರಿನ ಕೊನೆಯ ಅಕ್ಷರಗಳು ಕಾಣುವಂತೆ ವಿಂಡೋಸಿನಲ್ಲಿ ಏರ್ಪಡಿಸಿಕೊಳ್ಳಬೇಕು; ಫೋಲ್ಡರು ತೆರೆದಾಗ ಮೇಲೆ ಕಾಣುವ ‘ವ್ಯೂ’ ಎಂಬಲ್ಲಿ ಇದಕ್ಕೆ ಅವಕಾಶವಿದೆ. ‘ಇಎಕ್ಸ್‌ಇ’, ‘ವಿಬಿಎಸ್’, ‘ಜೆಎಸ್’, ‘ಎಸ್‌ಸಿಆರ್’ ಎಂದು ಕೊನೆಗೊಳ್ಳುವುದನ್ನು ಯಾರೇ ಕಳುಹಿಸಿರಲಿ ತೆರೆಯಬಾರದು. ಮನೆಮಂದಿಯೆಲ್ಲ ದಿನವೂ ಬಳಸುವ ಖಾತೆಗೆ ಯಂತ್ರದ ಯಜಮಾನಿಕೆಯ ಅಧಿಕಾರವಿರಬಾರದು. ಯಜಮಾನನ ಖಾತೆಯನ್ನು ಬೇರೆಯಾಗಿಟ್ಟು, ಹೊಸ ತಂತ್ರಾಂಶವನ್ನು ಹಾಕುವಾಗ ಮಾತ್ರ ಅದರ ಗುಪ್ತಪದವನ್ನು ಕೊಡುವುದು ಲೇಸು. ವಿಂಡೋಸ್ ೧೦ ಮತ್ತು ೧೧ರೊಡನೆ ಡಿಫೆಂಡರ್ ಎಂಬ ಕಾವಲು ಬಿಟ್ಟಿಯಾಗಿಯೇ ಬರುತ್ತದೆ. ಅದನ್ನು ಆರಿಸದೆ ಇಟ್ಟರೆ ಸಾಮಾನ್ಯ ಮನೆಗೆ ಅದೇ ಸಾಕೆಂದು ನಾವು ತಿಳಿದಿದ್ದೇವೆ.

ಆದರೆ ಕಾವಲಿಗೆ ಹೊಸ ರೋಗಗಳ ಪರಿಚಯ ಇರಬೇಕಾದರೆ ಆಗಾಗ್ಗೆ ನವೀಕರಣವಾಗುತ್ತಿರಬೇಕು. ಇಲ್ಲಿ ಮಲೆನಾಡಿನದೇ ಒಂದು ತೊಡಕಿದೆ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಕೆಲವು ದಿನ ಬರುವುದಿಲ್ಲ. ಟೆಲಿಫೋನಿನ ತಂತಿಯ ಸ್ಥಿತಿಯೂ ಅಷ್ಟೆ. ಯಂತ್ರವು ಹದಿನೈದು ದಿನ ಮುಚ್ಚಿದ್ದು ಮತ್ತೆ ತೆರೆದಾಗ, ಕೂಡಿಬಿದ್ದ ಪತ್ರಗಳನ್ನು ನೋಡುವ ಆತುರ ಸಹಜವೇ. ಅಂದು ಮೊದಲು ನವೀಕರಣವನ್ನು ಮುಗಿಸಿ, ಒಂದು ಲೋಟ ಕಾಫಿ ಕುಡಿದು, ಅನಂತರ ಅಂಚೆಯನ್ನು ತೆರೆಯಿರಿ. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದೇ ನವೀಕರಣ ನಿಂತಿತು. ವಿಂಡೋಸ್ ೧೦ಕ್ಕೂ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ನವೀಕರಣ ಮುಗಿಯಿತು. ಹಳೆಯ ಯಂತ್ರವು ವಿಂಡೋಸ್ ೧೧ನ್ನು ಹೊರಲಾರದಾದರೆ, ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ತಿಳಿದವರಿಂದ ಹಾಕಿಸಿಕೊಳ್ಳಬಹುದು. ಪತ್ರವ್ಯವಹಾರಕ್ಕೂ ಲೆಕ್ಕಕ್ಕೂ ಅದು ಧಾರಾಳವಾಗಿ ಸಾಕು. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನೂ ಪರೀಕ್ಷಿಸದೆ ಯಂತ್ರಕ್ಕೆ ಚುಚ್ಚಬಾರದು. ಊರಿನವರ ಪೆನ್‌ಡ್ರೈವುಗಳೆಲ್ಲ ಚುಚ್ಚಿಸಿಕೊಂಡ ಯಂತ್ರ ಅಲ್ಲಿಯದು.

ಇಷ್ಟೆಲ್ಲ ಮಾಡಿದರೂ ರೋಗ ಹೊಕ್ಕೀತು. ಕಡತಗಳಿಗೆಲ್ಲ ತಾನೇ ಬೀಗ ಜಡಿದು, ಬೀಗದ ಕೈಗೆ ಹಣ ಕೇಳುವ ಜಾತಿಯ ವೈರಸ್ಸು ಎಲ್ಲಕ್ಕಿಂತ ಕ್ರೂರವಾದುದು. ಹಣ ಕೊಟ್ಟರೂ ಬೀಗ ತೆರೆಯುತ್ತದೆಂಬ ಭರವಸೆ ಇಲ್ಲ. ಔಷಧ ಬರುವ ಮೊದಲು ಮಲೆನಾಡಿಗರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರಷ್ಟೆ; ಇಲ್ಲಿಯೂ ಅಂಥ ಒಂದು ಕೊಟ್ಟೆ ಬೇಕು. ತಿಂಗಳಿಗೊಮ್ಮೆ ಚಿತ್ರಗಳನ್ನೂ ಲೆಕ್ಕಗಳನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ತಂತಿಯನ್ನು ಕಿತ್ತು, ತೇವ ಹೊಗದ ಕಪಾಟಿನಲ್ಲಿ ಇಡಬೇಕು. ಸದಾ ಯಂತ್ರಕ್ಕೆ ತಗುಲಿಸಿಟ್ಟ ಡಿಸ್ಕು ನಿಷ್ಪ್ರಯೋಜಕ. ವೈರಸ್ಸು ಅದಕ್ಕೂ ಬೀಗ ಹಾಕುತ್ತದೆ.

ತಪ್ಪಿ ತೆರೆದುಬಿಟ್ಟಿರೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಯಾರು ತೆರೆದರೆಂಬ ವಿಚಾರಣೆ ಆಮೇಲಾಗಲಿ. ಬೈಗುಳಕ್ಕೆ ಹೆದರಿ ಮಕ್ಕಳು ಮುಚ್ಚಿಟ್ಟ ಒಂದು ಗಂಟೆಯಲ್ಲಿಯೇ ಹಣ ಹೋಗುವುದುಂಟು. ಮೊದಲು ಇಂಟರ್‌ನೆಟ್ಟಿನ ತಂತಿಯನ್ನು ಕೀಳಬೇಕು, ಇಲ್ಲವೆ ವೈಫೈಯನ್ನು ಆರಿಸಬೇಕು. ಬ್ಯಾಂಕಿನ ಮತ್ತು ಈಮೇಲಿನ ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಿಸಬೇಕು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ, ಸರ್ಕಾರದ ೧೯೩೦ ಎಂಬ ಸಹಾಯವಾಣಿಗೂ ತಿಳಿಸಬೇಕು. ಹಣವು ಕಳ್ಳನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ತಡೆಹಿಡಿಯುವುದು ಸಾಧ್ಯವಾಗುವುದು ಆ ಮೊದಲ ಗಳಿಗೆಗಳಲ್ಲಿ ಮಾತ್ರ. ಯಂತ್ರವನ್ನು ಶುದ್ಧಗೊಳಿಸುವ ಉಪಕರಣಗಳನ್ನು ಭಾರತ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದವರು ಬಿಟ್ಟಿಯಾಗಿ ಕೊಡುತ್ತಾರೆ. ರೋಗ ಬಲವಾಗಿದ್ದರೆ ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ಮೇಲು. ಆ ಕೆಲಸ ಪೂರ್ತಿ ಮುಗಿಯುವ ತನಕ ಕಪಾಟಿನ ಡಿಸ್ಕನ್ನು ಹೊರಗೆ ತೆಗೆಯಕೂಡದು.