ಪಿಸಿಎಂಬಿಯಾ, ಪಿಸಿಎಂಸಿಯಾ? ಸ್ವೀಡನ್ನಿನಲ್ಲೂ ಅದೇ ಪ್ರಶ್ನೆ

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ, ಜನವರಿಯ ಒಂದು ಸಂಜೆ, ಯಿಮ್ನಾಸಿಯಂ ಅರ್ಜಿ ತೆರೆದುಕೊಂಡು ಕೂತಳು. "ಅಪ್ಪಾ, ನಂಗೆ ಬಯೋಇನ್ಫರ್ಮ್ಯಾಟಿಕ್ಸ್ ಓದ್ಬೇಕು. ಕಂಪ್ಯೂಟರ್ ತಾನೆ? ಟೆಕ್ನಿಕ್ ಹಾಕ್ತೀನಿ" ಅಂದಳು. ನಾನು ಸಾಫ್ಟ್‌ವೇರಿನವನು, ಖುಷಿಯಿಂದ ತಲೆಯಾಡಿಸಿದೆ. ತಡೆದದ್ದು ನನ್ನ ಹೆಂಡತಿ: "ಅದ್ರಲ್ಲಿ ಬಯಾಲಜಿ ಎಲ್ಲಿದೆ ರೀ?"

ಇರಲಿಲ್ಲ. ಯಿಮ್ನಾಸಿಯಂ ಅಂದರೆ ನಮ್ಮ ಪಿಯುಸಿ ಇದ್ದಂತೆ, ಆದರೆ ಮೂರು ವರ್ಷ. ಇಲ್ಲಿಯ ಟೆಕ್ನಿಕ್ ವಿಭಾಗದಲ್ಲಿ ಬಯಾಲಜಿ ಕಡ್ಡಾಯವಲ್ಲ, ಹೆಚ್ಚುಕಡಿಮೆ ನಮ್ಮ ಪಿಸಿಎಂಸಿ. ನಾಟೂರ್ ವಿಭಾಗ ಪಿಸಿಎಂಬಿಗೆ ಹತ್ತಿರ. ಅದರೊಳಗೂ ಒಂದು ಸೂಕ್ಷ್ಮವಿದೆ: 'ನಾಟೂರ್ ಮತ್ತು ಸಮಾಜ' ಎಂಬ ಉಪವಿಭಾಗ ಹಿಡಿದರೆ ಮೇಲಿನ ಹಂತದ ಗಣಿತ, ಭೌತಶಾಸ್ತ್ರ ತಾನಾಗಿ ಬರುವುದಿಲ್ಲ, ಬೇರೆಯಾಗಿ ಆರಿಸಿಕೊಳ್ಳಬೇಕು. ಅಮೆರಿಕದಲ್ಲಿರುವ ನನ್ನ ತಮ್ಮ, ಮೇಜರ್ ಯಾವುದು, ಮೈನರ್ ಯಾವುದು ಎಂದು ಕಾಲೇಜು ಸೇರಿದ ಮೇಲೂ ಯೋಚಿಸಬಹುದು ಅನ್ನುತ್ತಾನೆ. ಇಲ್ಲಿ ವಿಶ್ವವಿದ್ಯಾಲಯದ ಅರ್ಜಿಯನ್ನೇ ಒಂದು ನಿರ್ದಿಷ್ಟ ಪ್ರೋಗ್ರಾಂಗೆ ಹಾಕುವುದು. ಹಾಗಾಗಿ ಬಾಗಿಲು ಮುಚ್ಚುವುದೋ ತೆರೆದಿಡುವುದೋ ಹದಿನೈದನೇ ವಯಸ್ಸಿನಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಎರಡೂ ಯಾಕೆ ಬೇಕು? ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಯಂತ್ರ ಅವನ್ನು ಚೂರುಚೂರಾಗಿ ಓದಿ ಕೊಡುತ್ತದೆ, ಜೋಡಿಸುವುದು ಪ್ರೋಗ್ರಾಂ. ಒಂದು ಅಕ್ಷರ ಬೇರೆ ಕಂಡರೆ ಅದು ಕಾಯಿಲೆಯ ಸುಳಿವೋ, ಯಂತ್ರದ ತಪ್ಪೋ, ಸುಮ್ಮನೆ ಮನುಷ್ಯರ ನಡುವಿನ ವ್ಯತ್ಯಾಸವೋ ಎಂದು ಹೇಳಲು ಜೀವಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಎರಡೂ ಗೊತ್ತಿರಬೇಕು. ಬರೀ ಕೋಡ್ ಬರೆಯುವ ನನ್ನಂಥವನಿಗೆ ಅದು ಆಗದ ಕೆಲಸ.

ಮುಂದಿನ ದಾರಿಗಳು ಒಂದೆರಡಲ್ಲ. ಉಪ್ಸಾಲಾದ ಮಾಲಿಕ್ಯುಲಾರ್ ಬಯೋಟೆಕ್ನಾಲಜಿ ಇಂಜಿನಿಯರಿಂಗ್ ಐದು ವರ್ಷದ್ದು, ಜೀವಶಾಸ್ತ್ರ, ಗಣಿತ, ಪ್ರೋಗ್ರಾಮಿಂಗ್ ಎಲ್ಲ ಒಟ್ಟಿಗೆ. ಇಲ್ಲವೇ ಮೂರು ವರ್ಷದ ಪದವಿ ಮಾಡಿ ಉಪ್ಸಾಲಾ ಅಥವಾ ಲುಂಡ್‌ನಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಮಾಸ್ಟರ್ಸ್. ಮೂರು ವರ್ಷದ ಪದವಿ 180 ಅಂಕದ್ದು, ಅದರಲ್ಲಿ ಕನಿಷ್ಠ 90 ಒಂದೇ ಮುಖ್ಯ ವಿಷಯದಲ್ಲಿರಬೇಕು. 'ಮೇಜರ್' ಎಂದರೆ ಅದೇ. ಉಳಿದದ್ದರಲ್ಲಿ ಇನ್ನೊಂದು ಕಡೆಯ ವಿಷಯವನ್ನು ತುಂಬಿಕೊಳ್ಳಬಹುದು. ನನ್ನ ಅಭಿಪ್ರಾಯ ಕೇಳಿದರೆ, ಮಗುವಿಗೆ ಯಾವುದರ ಮೇಲೆ ನಿಜವಾದ ಪ್ರೀತಿಯೋ ಅದು 90ರಲ್ಲಿರಲಿ. ಆದರೆ ಮೊದಲ ವರ್ಷವೇ ಮಾಸ್ಟರ್ಸ್ ಪ್ರವೇಶದ ಷರತ್ತುಗಳನ್ನು ಓದಿಕೊಳ್ಳಲಿ. ಯಾವ ವಿಷಯದಲ್ಲಿ ಎಷ್ಟು ಅಂಕ ಬೇಕೆಂಬುದು ಒಂದೊಂದು ಕಡೆ ಒಂದೊಂದು ಥರ.

ಯಿಮ್ನಾಸಿಯಂನಲ್ಲಿ ತಪ್ಪು ಆಯ್ಕೆಯಾದರೂ ಲೋಕ ಮುಳುಗುವುದಿಲ್ಲ. ಬಿಟ್ಟುಹೋದ ವಿಷಯವನ್ನು ಕೊಮ್‌ವುಕ್ಸ್‌ನಲ್ಲೋ 'ಬಾಸ್‌ಓರ್' ಎಂಬ ಪೂರಕ ವರ್ಷದಲ್ಲೋ ಓದಿ ಮುಗಿಸಬಹುದು. ಸ್ಟಾಕ್‌ಹೋಮಿನಲ್ಲಿ ಹುಟ್ಟಿದ ಸ್ವಾಂತೆ ಪೇಬೊ ಉಪ್ಸಾಲಾದಲ್ಲಿ ಮೊದಲು ಓದಿದ್ದು ಈಜಿಪ್ಟಿನ ಪ್ರಾಚೀನ ಇತಿಹಾಸ! ಆಮೇಲೆ ವೈದ್ಯಕೀಯ, 1986ರಲ್ಲಿ ಪಿಎಚ್‌ಡಿ. 2010ರಲ್ಲಿ ನಿಯಾಂಡರ್ತಾಲ್ ಜೀನೋಮನ್ನು ಹೊರತಂದ ತಂಡದ ಮುಖ್ಯಸ್ಥರು ಅವರೇ, 2022ರಲ್ಲಿ ನೊಬೆಲ್ ಬಂತು.

ಇನ್ನು ಕನ್ನಡದ ಮಾತು. ಶಾಲೆಯ ಮುದರ್ಸ್‌ಮೋಲ್, ಅಂದರೆ ಮಾತೃಭಾಷೆ ತರಗತಿಯಲ್ಲಿ ಕನ್ನಡ ಕಲಿತರೆ ಆ ಗ್ರೇಡನ್ನೂ ಯಿಮ್ನಾಸಿಯಂ ಅರ್ಜಿಯ 16 ಉತ್ತಮ ಗ್ರೇಡುಗಳಲ್ಲಿ ಸೇರಿಸಬಹುದು. ಕನ್ನಡ ಮುಂದಿನ ಓದಿಗೆ ಅಡ್ಡಿ ಎನ್ನುವವರಿಗೆ ಇದನ್ನು ಹೇಳಿ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅವಳು ಜೀನೋಮಿಗೆ 'ಆರ್ವ್ಸ್‌ಮಸ್ಸ' ಅಂದರೆ, ನಾವು 'ವಂಶವಾಹಿ' ಎಂಬ ಪದ ತೆಗೆಯುತ್ತೇವೆ. ಅಲ್ಲಿಂದ ಅಜ್ಜಿಯ ಸಕ್ಕರೆ ಕಾಯಿಲೆಗೆ ಮಾತು ಹೊರಳುತ್ತದೆ. ಹಾಸನದಿಂದ ಫೋನ್ ಮಾಡುವ ತಾತನಿಗೆ ಮಾತ್ರ "ಡಾಕ್ಟರಾ, ಇಂಜಿನಿಯರಾ?" ಅನ್ನುವುದಷ್ಟೇ ಇನ್ನೂ ಬಗೆಹರಿಯದ ಪ್ರಶ್ನೆ.

ಕೊನೆಗೆ ಮಗಳು ನಾಟೂರ್ ಹಾಕಿದಳು, ಐಚ್ಛಿಕವಾಗಿ ಪ್ರೋಗ್ರಾಮಿಂಗ್ ತಗೊಂಡಳು. ಈಗ ಎರಡನೇ ವರ್ಷ. ಬಯೋಇನ್ಫರ್ಮ್ಯಾಟಿಕ್ಸ್ ಸುದ್ದಿಯೇ ಎತ್ತುತ್ತಿಲ್ಲ, ಸಮುದ್ರಜೀವಿಗಳಂತೆ. ಅದಕ್ಕೂ ಬಯಾಲಜಿ ಬೇಕು, ಗಣಿತವೂ ಬೇಕು. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಕೊನೆಯ ದಿನ ಏಪ್ರಿಲ್ 15, ಇನ್ನೂ ಒಂದು ವರ್ಷವಿದೆ.