ಹಳ್ಳದ ಜಾಗ ಹಳ್ಳಕ್ಕೇ ಇರಲಿ

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಚಿಕ್ಕೋಡಿ ಭಾಗದ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗುತ್ತವೆ. 2005, 2019, 2021ರಲ್ಲಂತೂ ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳು ಊರೊಳಗೇ ನುಗ್ಗಿದವು. ಅದೇ ಚಿಕ್ಕೋಡಿ ತಾಲ್ಲೂಕಿನ ಕರೋಶಿ ನದಿದಂಡೆಯ ಊರಲ್ಲ. ಇಂಥ ಊರಿನ ಬಾವಿ, ಬೋರ್‌ವೆಲ್‌ಗಳಿಗೆ ಮಳೆಗಾಲದಲ್ಲಿ ಹಳ್ಳ, ಒಡ್ಡು, ಬಾಂದಾರಗಳು ತಡೆದು ಇಂಗಿಸಿದ ನೀರೇ ಆಸರೆ.

ಪಟ್ಟಣಗಳು ಬೆಳೆಯುವಾಗ ಮೊದಲು ಪೆಟ್ಟು ಬೀಳುವುದೂ ಈ ಹಳ್ಳಗಳಿಗೇ. ರಸ್ತೆಬದಿಯ ಹೊಲ ಎನ್‌ಎ (ಕೃಷಿಯೇತರ) ಆಗಿ ಪ್ಲಾಟುಗಳಾಗುತ್ತದೆ, ಹಳ್ಳ ಕಿರಿದಾಗಿ ಸಿಮೆಂಟ್ ಗಟಾರಾಗುತ್ತದೆ. ಗಟಾರಿನ ನೀರು ಇಂಗುವುದಿಲ್ಲ. ಓಟ ಹೆಚ್ಚಿಸಿಕೊಂಡು ಕೆಳಗಿನ ಓಣಿಗೆ ನುಗ್ಗುತ್ತದೆ. ರಾಜಕಾಲುವೆಗಳ ಮೇಲೆ ಊರು ಕಟ್ಟಿದ್ದರ ಬೆಲೆಯನ್ನು ಬೆಂಗಳೂರು 2022ರ ಸೆಪ್ಟೆಂಬರ್‌ನಲ್ಲಿ ತೆತ್ತಿತು.

ದಾರಿ ತೋರಿಸುವ ಕೆರೆಯೂ ಅದೇ ಬೆಂಗಳೂರಿನಲ್ಲಿದೆ. ಜಕ್ಕೂರು ಕೆರೆಯ ಪಕ್ಕ ಜಲಮಂಡಳಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಕೊಳಚೆ ಶುದ್ಧೀಕರಣ ಘಟಕ ಕಟ್ಟಿತು. ಘಟಕದಿಂದ ಹೊರಬಿದ್ದ ನೀರು ನೇರ ಕೆರೆಗೆ ಬೀಳದೆ ಜೊಂಡು ಬೆಳೆದ ಜೌಗಿನ ಮೂಲಕ ಹಾಯುತ್ತದೆ. ಅಲ್ಲಿ ನೀರಿನ ಓಟ ತಗ್ಗಿ ಹೂಳು ತಳ ಸೇರುತ್ತದೆ, ಉಳಿದ ಸಾರಜನಕ, ರಂಜಕವನ್ನು ಜೊಂಡಿನ ಬೇರು ಹೀರುತ್ತದೆ. ಕೆರೆಯಲ್ಲಿ ಮೀನುಗಾರಿಕೆಯೂ ನಡೆಯುತ್ತದೆ. ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕಲೇಬೇಕು. ಇಲ್ಲದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ನಿಸರ್ಗವನ್ನು ನೆಚ್ಚಿದ ಯೋಜನೆಗೂ ಪ್ರತಿವರ್ಷ ನಿರ್ವಹಣೆಯ ದುಡ್ಡು ತೆಗೆದಿಡಬೇಕು.

ಚೀನಾ ಕಳೆದ ದಶಕದಲ್ಲಿ ಮಳೆನೀರನ್ನು ಹೀರಿ ಇಂಗಿಸುವ ‘ಸ್ಪಂಜ್ ನಗರ’ಗಳ ಯೋಜನೆ ಹಾಕಿಕೊಂಡಿತು. ಕಾಂಕ್ರೀಟು ಹೊದ್ದ ನಗರದಲ್ಲಿ ನೀರಿಂಗುವ ಜಾಗವನ್ನು ಹೊಸದಾಗಿ ಹುಡುಕುವುದು ದುಬಾರಿ ಕೆಲಸ. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಿಗೆ ಇನ್ನೂ ಅಷ್ಟು ದುಬಾರಿಯ ಗತಿ ಬಂದಿಲ್ಲ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಇದೆ. ಕಂದಾಯ ದಾಖಲೆಯಲ್ಲಿ ಅದು ‘ಬ’ ಖರಾಬು, ಅಂದರೆ ಸಾರ್ವಜನಿಕರ ಸ್ವತ್ತು. ಕರೋಶಿಯಂಥ ಊರುಗಳಲ್ಲಿ ಹೊಸ ಲೇಔಟಿಗೆ ಒಪ್ಪಿಗೆ ಕೊಡುವ ಮುನ್ನ ಸರ್ವೆಯವರು ಆ ಗೆರೆಯನ್ನು ನೆಲದ ಮೇಲೆ ಅಳೆದು ಕಲ್ಲು ನೆಡಲಿ. ದಂಡೆಯಲ್ಲಿ ಹೊಂಗೆ, ನೇರಳೆ ಬೆಳೆಯಲಿ. ಕೊಳಚೆ ಬಂದು ಸೇರುವ ಕಡೆ ಜೊಂಡಿನ ಹೊಂಡಕ್ಕೆ ಒಂದಿಷ್ಟು ಜಾಗ ಬಿಡಲಿ. ಪ್ಲಾಟು ಮಾರಾಟವಾದ ಮೇಲೆ ಇದೇ ಕೆಲಸಕ್ಕೆ ಜೆಸಿಬಿ, ಪೊಲೀಸು, ಕೋರ್ಟು ಎಲ್ಲವೂ ಬೇಕಾಗುತ್ತವೆ.